ಒಂದು ಮೊಳ ರಟಟೂಯಿ

ಬಾಣಂತಿಗೆ ಬದನೆಕಾಯಿ ಕೊಡಬಾರದು, ನಂಜು. ಈ ಒಂದು ನಿಯಮದ ದೆಸೆಯಿಂದ ನನ್ನ 62ನೆಯ ವಯಸ್ಸಿನಲ್ಲಿ, ಗ್ರೇಟರ್ ನೋಯ್ಡಾದ ಡೆಲ್ಟಾ ಸೆಕ್ಟರಿನ ಎರಡನೇ ಮಹಡಿಯ ಅಡುಗೆಮನೆಯಲ್ಲಿ ನಾನು ಫ್ರೆಂಚ್ ಅಡುಗೆ ಮಾಡಬೇಕಾಗಿ ಬಂತು.

ಮಗಳು ಇರುವುದು ಫ್ರಾನ್ಸಿನ ತುಲೂಸಿನಲ್ಲಿ. ವಿಮಾನ ಕಟ್ಟುವ ಊರು ಅದು. ಅಳಿಯ ಆ ವಿಮಾನಗಳ ರೆಕ್ಕೆಗೆ ಸಂಬಂಧಿಸಿದ್ದೇನನ್ನೋ ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಏನೆಂದು ಮೂರು ಸಲ ವಿವರಿಸಿದ್ದಾನೆ, ಮೂರು ಸಲವೂ ನಾನು ‘ಓಹೋ’ ಅಂದಿದ್ದೇನೆ. ಆಗಸ್ಟಿನಲ್ಲಿ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ನನ್ನಾಕೆ ಎರಡು ಸೂಟ್‌ಕೇಸಿನ ತುಂಬ ಒಣಶುಂಠಿ, ಅಂಟು, ಒಣಕೊಬ್ಬರಿ, ಓಮ, ಮೆಣಸು, ಹರಳೆಣ್ಣೆ, ಸಾಂಬ್ರಾಣಿ ಹೊತ್ತುಕೊಂಡು ಹೊರಟಳು. ತನ್ನ ಎರಡು ಒಳ್ಳೆಯ ಸೀರೆಗಳನ್ನು ಮಾತ್ರ ಸಾರಿನ ಪುಡಿಯ ಡಬ್ಬಿ ಅಲ್ಲಾಡದಿರಲೆಂದು ಅದರ ಸುತ್ತ ಸುತ್ತಿದ್ದಳು. ಹೋದ ಎರಡನೇ ದಿನವೇ ಸಾಂಬ್ರಾಣಿ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಬಾಯಿಬಡಿದುಕೊಂಡಿತಂತೆ. ಕೆಳಗಿನ ಮನೆಯ ಫ್ರೆಂಚ್ ಅಜ್ಜಿ ಓಡಿಬಂದು, ವಿಷಯ ತಿಳಿದು, ಮಗುವನ್ನು ನೋಡಿ, ಹೊಗೆಯ ವಾಸನೆ ಇಗರ್ಜಿಯ ಹಾಗೇ ಇದೆ ಎಂದು ಎರಡು ನಿಮಿಷ ಕೂತು ಹೋದಳಂತೆ.

ಆ ಅಜ್ಜಿಯ ಮನೆಯಿಂದಲೇ ತಕರಾರು ಶುರುವಾದದ್ದು.

“ಅಪ್ಪ, ಕೆಳಗಿನ ಮನೆಯಿಂದ ರಟಟೂಯಿ ವಾಸನೆ ಬರ್ತಾ ಇದೆ,” ಎಂದು ಮಗಳು ವಿಡಿಯೋದಲ್ಲಿ ಗೋಳಾಡಿದಳು. “ಅಮ್ಮ ಬದನೆಕಾಯಿ ಮುಟ್ಟೋ ಹಾಗಿಲ್ಲ ಅಂತಾಳೆ. ಮೂರು ತಿಂಗಳು! ಬರೀ ಮೆಣಸಿನ ಸಾರು ಅನ್ನ. ನೀನಾದ್ರೂ ಮಾಡ್ಕೊಂಡು ತಿನ್ನಪ್ಪ, ನಾನು ನೋಡ್ತೀನಿ.”

ಹಿಂದಿನಿಂದ ನನ್ನಾಕೆಯ ದನಿ ಕೇಳಿಸಿತು: “ನೋಡಲಿ ಬಿಡ್ರೀ, ನೋಡಿದ್ರೇನೂ ನಂಜಾಗಲ್ಲ.”

ನನ್ನ ಪಾಕಶಾಸ್ತ್ರದ ಸ್ಥಿತಿಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹೋಗುವ ಮುನ್ನ ಆಕೆ ಹದಿನೆಂಟು ಡಬ್ಬಿಗಳಿಗೆ ಚೀಟಿ ಅಂಟಿಸಿದ್ದಳು. ಒಂದರ ಮೇಲೆ ‘ಇದು ಸಕ್ಕರೆ ಅಲ್ಲ’ ಎಂದು ಬರೆದಿತ್ತು. ಏನೆಂದು ಬರೆದಿರಲಿಲ್ಲ. ಸೋಮವಾರದಿಂದ ಭಾನುವಾರದವರೆಗೆ ಅನ್ನ, ತಿಳಿಸಾರು, ಮೈಕ್ರೋವೇವಿನಲ್ಲಿ ಸುಟ್ಟ ಹಪ್ಪಳ. ಇಷ್ಟರಲ್ಲಿ ನಾನು ಸುಖವಾಗಿದ್ದೆ.

ರಟಟೂಯಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದೂ ಈ ಮಗಳಿಂದಲೇ. ಇಲಿಯೊಂದು ಪ್ಯಾರಿಸ್ಸಿನಲ್ಲಿ ಅಡುಗೆ ಮಾಡುವ ಆ ಹೆಸರಿನ ಸಿನಿಮಾ 2007ರಲ್ಲಿ ಬಂತು. ಅವಳಿಗಾಗ ಹನ್ನೆರಡು. ಅಡುಗೆಮನೆಯಲ್ಲಿ ಇಲಿ ಓಡಾಡುವ ಕಥೆಗೆ ದುಡ್ಡು ಕೊಟ್ಟು ಹೋಗಬೇಕೇ ಎಂದು ನಾನು ವಾದಿಸಿ ಸೋತು ಹೋಗಿದ್ದೆ. ಕೊನೆಯಲ್ಲಿ ಕೊಂಕು ಮೋರೆಯ ವಿಮರ್ಶಕನೊಬ್ಬ ಒಂದು ತುತ್ತು ಬಾಯಿಗಿಟ್ಟು ನೇರ ತನ್ನ ತಾಯಿಯ ಅಡುಗೆಮನೆಗೆ ಹೋಗಿ ಬೀಳುತ್ತಾನೆ. ಪಕ್ಕದಲ್ಲಿ ನನ್ನಾಕೆ ಮೂಗು ಒರೆಸಿಕೊಂಡಳು. ನಾನು ಪಾಪ್‌ಕಾರ್ನ್ ತಿನ್ನುತ್ತಿದ್ದೆ.

ಈಗ ಕೆಲಸ ಮೈಮೇಲೆ ಬಿದ್ದಮೇಲೆ, ನಿವೃತ್ತ ಅಕೌಂಟೆಂಟ್ ಏನು ಮಾಡಬೇಕೋ ಅದನ್ನೇ ಮಾಡಿದೆ. ಒಲೆ ಹಚ್ಚುವ ಮೊದಲು ಕಡತ ತೆರೆದೆ. ಎರಡು ದಿನ ಬರೀ ಓದಿದೆ. ಪುಸ್ತಕದ ಬದನೆಕಾಯಿ ಎಂಬ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಕಡಿಮೆ. ಇದು ದಕ್ಷಿಣ ಫ್ರಾನ್ಸಿನ ನೀಸ್ ಎಂಬ ಊರಿನ ಅಡುಗೆ. ಇಂಗ್ಲಿಷಿನಲ್ಲಿ ನೈಸ್ ಎಂದೇ ಬರೆಯುತ್ತಾರೆ; ನನಗೆ ಅಲ್ಲಿಯವರೆಗೆ ಗೊತ್ತಿದ್ದ ನೈಸ್ ಎಂದರೆ ಬೆಂಗಳೂರಿನ ಟೋಲ್ ರಸ್ತೆ ಒಂದೇ. ಹೆಸರಿನಲ್ಲಿರುವ ‘ತೂಯಿ’ ಎಂದರೆ ಕಲಕು, ಕದಡು. ‘ರತಾ’ ಎಂದರೆ ಫ್ರೆಂಚ್ ಸಿಪಾಯಿಗಳ ಬಾಯಲ್ಲಿ ಬಡಿಸಿದ್ದನ್ನು ಬಾಯಿಮುಚ್ಚಿಕೊಂಡು ತಿನ್ನಬೇಕಾದ ಕೂಳು. ಅಂದರೆ ಹೆಸರೇನೂ ದೊಡ್ಡ ಮನೆತನದ್ದಲ್ಲ, ನಮ್ಮ ಹಾಸ್ಟೆಲ್ ಪಲ್ಯದ ಗೋತ್ರವೇ. ಸಿನಿಮಾದಲ್ಲಿ ತೋರಿಸುವ, ತೆಳುವಾದ ಬಿಲ್ಲೆಗಳನ್ನು ಸುತ್ತಲೂ ಜೋಡಿಸಿದ ರಂಗೋಲಿಯಂಥದ್ದು ಅಸಲಿ ರಟಟೂಯಿಯೇ ಅಲ್ಲವಂತೆ. ಅದು ಮಿಷೆಲ್ ಗೆರಾರ್ ಎಂಬ ಬಾಣಸಿಗ 1976ರಲ್ಲಿ ಪ್ರಕಟಿಸಿದ ಬೇರೊಂದು ತಿನಿಸು. ಅದರ ಹೆಸರು ಬಂದದ್ದು ‘ಇಮಾಮ್ ಬಾಯಿಲ್ದಿ’ ಎಂಬ ತುರ್ಕರ ಬದನೆ ಅಡುಗೆಯಿಂದ. ಹಾಗೆಂದರೆ ‘ಇಮಾಮರು ಮೂರ್ಛೆ ಹೋದರು’ ಎಂದರ್ಥ. ರುಚಿಗೆ ಹೋದರೋ, ಅದಕ್ಕೆ ಖರ್ಚಾದ ಆಲಿವ್ ಎಣ್ಣೆಯ ಲೆಕ್ಕ ಕೇಳಿ ಹೋದರೋ ಎಂಬ ಬಗ್ಗೆ ತುರ್ಕಿಯಲ್ಲೇ ಎರಡು ಪಕ್ಷಗಳಿವೆ. ನಾನು ಎರಡನೆಯ ಪಕ್ಷ.

ನೀಸ್ ಊರಿನ ಅಡುಗೆಯ ಮೇಲೆ 1972ರಲ್ಲಿ ಒಂದು ಪ್ರಮಾಣಗ್ರಂಥ ಬರೆದವನು ಆ ಊರಿನ ಮೇಯರನೇ, ಜಾಕ್ ಮೆದ್ಸಾನ್. ಆಮೇಲೆ ಹಣದ ಅವ್ಯವಹಾರದ ಆರೋಪ ಹೊತ್ತು 1990ರಲ್ಲಿ ಉರುಗ್ವೆ ದೇಶಕ್ಕೆ ಓಡಿಹೋದ. ಊರಿನ ಬೊಕ್ಕಸದ ವಿಷಯ ಏನೇ ಇರಲಿ, ಊರಿನ ಬದನೆಕಾಯಿಯ ವಿಷಯದಲ್ಲಿ ಜನ ಈಗಲೂ ಅವನ ಮಾತನ್ನು ಉಲ್ಲೇಖಿಸುತ್ತಾರೆ. ಇದನ್ನು ಓದಿ ನನಗೆ ಫ್ರಾನ್ಸಿನ ಬಗ್ಗೆ ಒಂದು ಆತ್ಮೀಯತೆ ಹುಟ್ಟಿತು.

ಬುಧವಾರ ಸಂತೆಗೆ ಹೋದೆ. ಈ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಅಗ್ರಹಾರ, ಕೃಷ್ಣಮೂರ್ತಿಪುರಂ, ಸರಸ್ವತಿಪುರಂ ಎಂಬ ವಿಳಾಸಗಳಲ್ಲಿ ಬೆಳೆದ ಮೈಸೂರಿನವನು ನಾನು. 2003ರಲ್ಲಿ ಸೂರಜ್‌ಪುರದ ಕಾರ್ಖಾನೆಯೊಂದರ ಲೆಕ್ಕ ಬರೆಯಲು ಇಲ್ಲಿಗೆ ಬಂದೆ. 1991ರಲ್ಲಿ ಪ್ರಾಧಿಕಾರ ರಚನೆಯಾಗಿ ಹುಟ್ಟಿದ ಊರಿದು. ಗೋಧಿ ಹೊಲದ ಮೇಲೆ ಗ್ರೀಕ್ ಅಕ್ಷರಮಾಲೆ ಹರಡಿದ್ದಾರೆ: ಆಲ್ಫಾ, ಬೀಟಾ, ಗಾಮಾ, ಡೆಲ್ಟಾ, ಪೈ, ಓಮಿಕ್ರಾನ್. ನಡುನಡುವೆ ಕಾಸನಾ, ತುಗಲ್‌ಪುರದಂಥ ಹಳೆಯ ಹಳ್ಳಿಗಳು ಎಮ್ಮೆ ಕಟ್ಟಿಕೊಂಡು ಕೂತಿವೆ. 2021ರ ಕೊನೆಯಲ್ಲಿ ಓಮಿಕ್ರಾನ್ ಎಂಬ ಕೊರೋನಾ ಬಂದಾಗ ಮೈಸೂರಿನಿಂದ ಅಕ್ಕ ಫೋನ್ ಮಾಡಿ, “ನಿಮ್ಮ ಬಡಾವಣೇಲೇ ಹುಟ್ಟಿದ್ದಂತಲ್ಲೋ” ಎಂದು ಗಾಬರಿಯಾಗಿದ್ದಳು.

ಸಂತೆಯಲ್ಲಿ ಬ್ಯಾಟರಿ ದೀಪದ ಬೆಳಕಿಗೆ ಬದನೆಕಾಯಿಗಳು ಪಾಲಿಶ್ ಹಾಕಿದ ಬೂಟಿನಂತೆ ಮಿಂಚುತ್ತಿದ್ದವು. ಇಲ್ಲಿಯವರು ಭರ್ತಾಕ್ಕೆ ಸುಡುವ ದಪ್ಪದವು. ನಮ್ಮ ಈರನಗೆರೆ ಬದನೆಯ ಹಸಿರು ನುಣುಪೂ ಇಲ್ಲ, ಮಟ್ಟುಗುಳ್ಳದ ಹಾಗೆ ವಾದಿರಾಜರ ಆಶೀರ್ವಾದದ ಕಥೆಯೂ ಇಲ್ಲ. ಆದರೂ ಒಂದನ್ನು ಕೈಗೆತ್ತಿಕೊಂಡಾಗ ಒಂದು ಬಗೆಯ ಗೌರವ ಬಂತು. ಈ ಅಡುಗೆಗೆ ಬೀಳುವ ಟೊಮೆಟೊ, ದಪ್ಪಮೆಣಸಿನಕಾಯಿ, ಜುಕಿನಿ ಮೂರೂ ಅಮೆರಿಕದ ಕಡೆಯವು. ಕೊಲಂಬಸ್ ಹೋಗಿಬಂದ ಮೇಲೆ ಯೂರೋಪು ಕಂಡ ನೆಂಟರು. ಬದನೆಯೊಂದು ಮಾತ್ರ ನಮ್ಮ ಕಡೆಯಿಂದ ಹೋದದ್ದು. ಸಂಸ್ಕೃತದ ವಾತಿಂಗಣ ಪಾರ್ಸಿಯಲ್ಲಿ ಬಾದಿಂಗಾನ್ ಆಗಿ, ಅರಬರಲ್ಲಿ ಅಲ್-ಬಾದಿಂಜಾನ್ ಆಗಿ, ಸ್ಪೇನಿನ ಕಟಲಾನರ ಕೈಯಲ್ಲಿ ಅಲ್ಬರ್ಜೀನಿಯಾ ಆಗಿ, ಫ್ರಾನ್ಸಿಗೆ ಬರುವ ಹೊತ್ತಿಗೆ ಒಬರ್ಜಿನ್ ಎಂದು ಮೂಗಿನಲ್ಲಿ ಮಾತಾಡತೊಡಗಿತ್ತು. ಹೊರದೇಶಕ್ಕೆ ಹೋದ ಹುಡುಗ ಮೂರೇ ವರ್ಷಕ್ಕೆ ಹೆಸರು ಮೊಟಕು ಮಾಡಿಕೊಂಡರೆ ನಾವು ಆಡಿಕೊಳ್ಳುತ್ತೇವೆ, ಬದನೆಗೆ ಯಾರು ಏನಂದರು?

“ಜುಕಿನಿ ಹೈ ಕ್ಯಾ?” ಎಂದು ಕೇಳಿದೆ.

“ಜುಗನಿ?” ತರಕಾರಿಯವನು ನಕ್ಕ. ಜುಗನಿ ಪಂಜಾಬಿ ಹಾಡುಗಳ ನಾಯಕಿ. “ವೋ ತೋ ಗಾನೇ ಮೇಂ ಮಿಲೇಗೀ, ಬಾಬೂಜಿ. ಆಪ್ ಘಿಯಾ ತೋರಿ ಲೇ ಜಾಓ.”

ಘಿಯಾ ತೋರಿ ಎಂದರೆ ನಮ್ಮ ತುಪ್ಪದ ಹೀರೇಕಾಯಿ. ಎರಡು ಭಾಷೆಯಲ್ಲೂ ಹೆಸರಿಗೆ ತುಪ್ಪ, ಒಳಗೆ ಬರೀ ನೀರು. ಅರ್ಧ ಕಿಲೋ ತೂಗಿಸಿಕೊಂಡೆ. ಆತ ಕೇಳದೆಯೇ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಚೀಲಕ್ಕೆ ಎಸೆದ. ಮೈಸೂರಿನಲ್ಲಾದರೆ ಒಂದು ಕಡ್ಡಿ ಕರಿಬೇವು ಬೀಳುತ್ತಿತ್ತು. ಇಪ್ಪತ್ತೆರಡು ವರ್ಷವಾಯಿತು, ಸಂತೆಯಿಂದ ಬಂದು ಚೀಲ ಕೊಡವಿದಾಗ ಕೈ ಇನ್ನೂ ಕರಿಬೇವನ್ನೇ ಹುಡುಕುತ್ತದೆ.

ಮುಂದಿನ ತೊಡಕು ಆಲಿವ್ ಎಣ್ಣೆ. ನಮ್ಮ ಮನೆಯಲ್ಲಿ ಆಲಿವ್ ಎಣ್ಣೆ ಎಂದರೆ ಮಗಳು ಹುಟ್ಟಿದಾಗ ಮೆಡಿಕಲ್ ಸ್ಟೋರಿನಿಂದ ತಂದ ಫಿಗಾರೋ ಡಬ್ಬಿ. ಹೊಟ್ಟೆ, ಬೆನ್ನು, ತೊಡೆಗೆ ತಿಕ್ಕಿ, ಬಿಸಿಲಲ್ಲಿ ಮಲಗಿಸಿ, ಆಮೇಲೆ ಸ್ನಾನ. ಈಗ ಅಂಥದ್ದನ್ನೇ ಬಾಣಲೆಗೆ ಸುರಿಯುವಾಗ ಯಾರದೋ ಮಗುವಿನ ಎಣ್ಣೆ ಕದ್ದ ಹಾಗಾಯಿತು. ಅತ್ತ ತುಲೂಸಿನಲ್ಲಿ, ಮಾರುಕಟ್ಟೆಯಲ್ಲಿ ಆಲಿವ್ ಎಣ್ಣೆಯ ಸಾಲು ಸಾಲು ಬಾಟಲಿ ಇರುವ ಊರಿನಲ್ಲಿ, ನನ್ನಾಕೆ ಮೊಮ್ಮಗನಿಗೆ ಹಚ್ಚುತ್ತಿದ್ದದ್ದು ಇಲ್ಲಿಂದ ಹೊತ್ತೊಯ್ದ ಹರಳೆಣ್ಣೆ.

ಸಂಜೆ ಏಳಕ್ಕೆ ಫೋನನ್ನು ಸಕ್ಕರೆ ಅಲ್ಲದ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅಲ್ಲಿ ಮಧ್ಯಾಹ್ನ ಮೂರೂವರೆ. ಮಗು ಮಲಗಿತ್ತು, ಮಗಳು ದಿಂಬಿಗೊರಗಿ ಕಾಲು ಚಾಚಿ ಸಿನಿಮಾ ನೋಡುವವಳ ಹಾಗೆ ಕೂತಳು.

“ಎಲ್ಲಾ ಒಟ್ಟಿಗೆ ಹಾಕ್ಬೇಡಪ್ಪ. ಬೇರೆ ಬೇರೆ ಹುರೀಬೇಕು.”

ಇದೇ ಈ ಅಡುಗೆಯ ಮರ್ಮ. ಅಮೆರಿಕನ್ನರಿಗೆ ಫ್ರೆಂಚ್ ಅಡುಗೆ ಕಲಿಸಿದ ಜೂಲಿಯಾ ಚೈಲ್ಡ್ 1961ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳುತ್ತಾರೆ. ಬದನೆಗೂ ಜುಕಿನಿಗೂ ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ನೀರು ಬಿಟ್ಟ ಮೇಲೆ ಒರೆಸಿ, ಬೇರೆಬೇರೆ ಹುರಿದು, ಈರುಳ್ಳಿ ಮೆಣಸಿನಕಾಯಿ ಟೊಮೆಟೊಗಳನ್ನು ಇನ್ನೊಂದು ಕಡೆ ಬಾಡಿಸಿ, ಕೊನೆಗೆ ಪದರ ಪದರವಾಗಿ ಒಂದೇ ಪಾತ್ರೆಗೆ ಸೇರಿಸಿ ಸಣ್ಣ ಉರಿಯಲ್ಲಿಡಬೇಕು. ಬದನೆಗೆ ಬೇಕಾದ ಹೊತ್ತು ಬೇರೆ, ಹೀರೆಗೆ ಬೇಕಾದದ್ದು ಬೇರೆ. ಒಟ್ಟಿಗೆ ಹಾಕಿದರೆ ಒಂದು ಕರಗಿ ಇನ್ನೊಂದು ಹಸಿಯಾಗಿರುತ್ತದೆ. ನಮ್ಮ ಮದುವೆಮನೆ ಕೂಟಿನಲ್ಲಿ ಭಟ್ಟರು ಗಟ್ಟಿ ತರಕಾರಿಯನ್ನು ಮೊದಲು, ಮೆತ್ತನೆಯದನ್ನು ಕಡೆಗೆ ಹಾಕಿ ಒಂದೇ ಕೊಪ್ಪರಿಗೆಯಲ್ಲಿ ಸಾಧಿಸುವ ನ್ಯಾಯವನ್ನು ಫ್ರೆಂಚರು ಆರು ಪಾತ್ರೆ ಕೊಳೆ ಮಾಡಿ ಸಾಧಿಸುತ್ತಾರೆ. ಪಾತ್ರೆ ತೊಳೆಯುವವರು ಯಾರೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಬದನೆ ಎಣ್ಣೆ ಕುಡಿಯಿತು. ಮೂರು ಚಮಚ ಹಾಕಿದೆ, ಮಾಯ. ಇನ್ನೆರಡು, ಮಾಯ. ಇಮಾಮರ ಮುಖ ಕಣ್ಣಮುಂದೆ ಬಂತು. ಹೀರೆ ಅಷ್ಟೇ ಉದಾರವಾಗಿ ನೀರು ಬಿಟ್ಟಿತು, ಹುರಿಯಲು ಹೋದದ್ದು ತಾನಾಗಿ ಬೇಯತೊಡಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಡೆಲ್ಟಾದ ಕತ್ತಲಲ್ಲಿ ಮಗಳ ಮುಖವೊಂದೇ ಬೆಳಗುತ್ತಾ “ಉರಿ ಸಣ್ಣ ಮಾಡು, ಉರಿ ಸಣ್ಣ ಮಾಡು” ಎನ್ನುತ್ತಿತ್ತು.

“ಥೈಮ್ ಹಾಕಪ್ಪ.”

ಥೈಮ್ ಇರಲಿಲ್ಲ. ಬಾಲ್ಕನಿಯಲ್ಲಿ ನನ್ನಾಕೆಯ ದೊಡ್ಡಪತ್ರೆ ಕುಂಡ ಇತ್ತು. ಜೂನಿನ ಲೂ ಗಾಳಿಯಿಂದ, ಜನವರಿಯ ಮಂಜಿನಿಂದ ಆಕೆ ಮಗುವಿನ ಹಾಗೆ ಒಳಗೂ ಹೊರಗೂ ಎತ್ತಿಡುವ ಕುಂಡ. ನನಗೆ ಬಿಟ್ಟುಹೋದ ಏಕೈಕ ಜವಾಬ್ದಾರಿ ಅದಕ್ಕೆ ನೀರು ಹಾಕುವುದು. ಈ ದೊಡ್ಡಪತ್ರೆಗೆ ಇಂಗ್ಲಿಷಿನಲ್ಲಿರುವ ಹಲವು ಹೆಸರುಗಳಲ್ಲಿ ‘ಫ್ರೆಂಚ್ ಥೈಮ್’ ಎಂಬುದೂ ಒಂದು ಎಂದು ನನ್ನ ಕಡತದಲ್ಲಿ ಗುರುತು ಹಾಕಿಕೊಂಡಿದ್ದೆ. ಕತ್ತಲಲ್ಲೇ ಹೋಗಿ ಎರಡು ಎಲೆ ಕಿತ್ತೆ. ಮಗಳಿಗೆ ಹೇಳಲಿಲ್ಲ. ಇನ್ನು ಓರೆಗಾನೊ. ಫ್ರಿಜ್ಜಿನ ಬಾಗಿಲ ಖಾನೆಯಲ್ಲಿ ವರ್ಷಗಟ್ಟಲೆ ಪಿಜ್ಜಾ ಜೊತೆ ಬಂದು ಶೇಖರವಾದ ಪುಟ್ಟ ಪೊಟ್ಟಣಗಳಿದ್ದವು. ಅಂಥವು ಇಲ್ಲದ ಮಧ್ಯಮವರ್ಗದ ಮನೆ ದೇಶದಲ್ಲಿ ಇರಲಾರದು. ಏಳು ಪೊಟ್ಟಣ ಹರಿದು ಸುರಿದೆ. ಕೊನೆಗೆ ಬೇಸಿಲ್. ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಿನ್ನದ ಅಂಗಡಿಯವರು ಓಲೆ ಇಟ್ಟುಕೊಡುವ ಹಾಗೆ ಇಟ್ಟುಕೊಟ್ಟ ಹನ್ನೆರಡು ಎಲೆ. ಚಿವುಟಿ ಹಾಕಿ, ಮುಚ್ಚಳ ಮುಚ್ಚಿದೆ.

ಹತ್ತು ನಿಮಿಷ ಕಳೆದು ಕರೆಂಟು ಬಂತು. ಮುಚ್ಚಳ ತೆಗೆದೆ.

ಹಬೆ ಮುಖಕ್ಕೆ ಬಡಿಯಿತು. ಯಾವುದೋ ಗೊತ್ತಿರುವ ವಾಸನೆ, ಆದರೆ ಅಡುಗೆಮನೆಯದ್ದಲ್ಲ. ಬಸ್ಸಿನದ್ದು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಾಗ ಮೂಗಿಗೆ ತಾಗುತ್ತಿದ್ದ ಅವಳ ಜಡೆಯದ್ದು.

ಬೇಸಿಲ್ ಎಂದರೆ ಕಾಮಕಸ್ತೂರಿ. ಓರೆಗಾನೊ ನಮ್ಮ ಮರುಗದ ದಾಯಾದಿ. ಆ ಮರುಗವನ್ನೂ ಫ್ರೆಂಚರು ತಮ್ಮ ಪ್ರೊವಾನ್ಸಿನ ಒಣಸೊಪ್ಪಿನ ಪುಡಿಗೆ ಸೇರಿಸುವುದುಂಟು. ಈ ಕಾಮಕಸ್ತೂರಿ, ಮರುಗ, ಜೊತೆಗೊಂದಿಷ್ಟು ದವನ, ನಡುವೆ ಮಲ್ಲಿಗೆ ಮತ್ತು ಕನಕಾಂಬರ: ಇಷ್ಟು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದ ದಂಡೆಯನ್ನು ಚಿಕ್ಕ ಗಡಿಯಾರದ ಹತ್ತಿರ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅಮ್ಮ ಶುಕ್ರವಾರ ಕೊಳ್ಳುತ್ತಿದ್ದಳು. ಹೂವಿನವಳ ಮುಂಗೈ ಗಿಡ್ಡ. ಅವಳ ಮೊಳ ಅಮ್ಮನ ಮುಕ್ಕಾಲು ಮೊಳ. “ನಿನ್ನ ಮೊಳದಲ್ಲಿ ಬೇಡ, ನನ್ನ ಮೊಳದಲ್ಲಿ ಅಳೆ” ಎಂದು ಅಮ್ಮ ಕೈ ಚಾಚುವಳು. ಹೂವಿನವಳು ಅಮ್ಮನ ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು, ಒಂದೆರಡು ಮೊಗ್ಗು ಹೆಚ್ಚಿಗೆ ಬಿಟ್ಟು, ಕತ್ತರಿಸದೆ ಹಲ್ಲಿನಲ್ಲಿ ಕಚ್ಚಿ ಹರಿಯುವಳು. ಮಲ್ಲಿಗೆ ಸಂಜೆಗೆ ಕಂದಿಹೋಗುತ್ತಿತ್ತು. ಸೊಪ್ಪಿನ ವಾಸನೆ ಮಾತ್ರ ಬಾಡಿದಷ್ಟೂ ಏರುತ್ತಿತ್ತು.

ಅಪ್ಪ ಹೋದ ಮೇಲೆ ಅಮ್ಮ ಹೂ ಮುಡಿಯಲಿಲ್ಲ. ಆಗೆಲ್ಲ ಹಾಗೇ. ಯಾರೂ ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ. ಆದರೆ ಹಿತ್ತಲಿನಲ್ಲಿದ್ದ ಕಾಮಕಸ್ತೂರಿ ಗಿಡವನ್ನು ಕೀಳಿಸಲೂ ಇಲ್ಲ. ಬೀಜ ಬೇಸಿಗೆಯ ಪಾನಕಕ್ಕೆ ಬೇಕು ಎಂದು ನೆಪ. ಬಟ್ಟೆ ಒಣಹಾಕಿ ಬರುವಾಗ ಒಂದೆಲೆ ಚಿವುಟಿ, ಬೆರಳಿನ ನಡುವೆ ಹೊಸಕಿ, ಆ ಬೆರಳನ್ನು ಸೆರಗಿನ ತುದಿಗೆ ಒರೆಸಿಕೊಂಡು ಒಳಗೆ ಬರುವಳು. ಅದು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

“ಅಪ್ಪ, ಹೇಗಿದೆ? ಯಾಕೆ ಸುಮ್ನಾದೆ? ಸೀದು ಹೋಯ್ತಾ?”

“ಇಲ್ಲ ಇಲ್ಲ. ಬಿಸಿ ಇದೆ, ಆರಲಿ ಅಂತ.” ಕನ್ನಡಕಕ್ಕೆ ಹಬೆ ಹತ್ತಿದ್ದು ಅನುಕೂಲವಾಯಿತು.

ತಿಂದರೆ, ಸಿನಿಮಾದ ವಿಮರ್ಶಕನಿಗೆ ಆದದ್ದು ನನಗೇನೂ ಆಗಲಿಲ್ಲ. ನಾಲಿಗೆಗೆ ಅದು ಉಪ್ಪು ಕಡಿಮೆಯಾದ, ಹುಳಿಯಾಗಲು ಹೊರಟು ಮನಸ್ಸು ಬದಲಿಸಿದ ಪದಾರ್ಥ. ಚಪ್ಪರಿಸಿ, ತಟ್ಟೆಯನ್ನು ಕ್ಯಾಮೆರಾಗೆ ತೋರಿಸಿ, “ಭಾರಿ ಇದೆ ಮಗಾ” ಎಂದೆ. ಮಗಳು ಎಂಜಲು ನುಂಗಿದ್ದು ತುಲೂಸಿನಿಂದ ಡೆಲ್ಟಾಕ್ಕೆ ಕೇಳಿಸಿತು.

ಒಂದು ಬಟ್ಟಲು ಎದುರುಮನೆಗೂ ಕೊಟ್ಟೆ. ಅಲ್ಲಿನ ಆಂಟೀಜಿ ಮಥುರೆಯ ಕಡೆಯವರು. ಮುಚ್ಚಳ ತೆಗೆದು ನೋಡಿ, “ಅರೇ ಭಾಯಿಸಾಬ್, ಯೇ ತೋ ಅನ್ನಕೂಟ್ ಕೀ ಸಬ್ಜಿ ಹೈ!” ಎಂದರು. ದೀಪಾವಳಿಯ ಮರುದಿನ ಗೋವರ್ಧನ ಪೂಜೆಗೆ, ಸಂತೆಯಲ್ಲಿ ಸಿಕ್ಕ ತರಕಾರಿಯನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕೃಷ್ಣನಿಗೆ ನೈವೇದ್ಯ ಮಾಡುತ್ತಾರೆ. “ಹಬ್ಬಕ್ಕಿನ್ನೂ ತಿಂಗಳಿದೆ, ಈಗಲೇ ಮಾಡಿದಿರಾ?” ನಾನು ಫ್ರಾನ್ಸು, ನೀಸು ಎಂದು ಶುರುಮಾಡಿದೆ. ಅಷ್ಟರಲ್ಲಿ ಅವರಿಗೆ ಬೆಳ್ಳುಳ್ಳಿಯ ವಾಸನೆ ಬಂದು ಬಟ್ಟಲು ಸ್ವಲ್ಪ ದೂರ ಹೋಯಿತು. ಮಾರನೇ ದಿನ ಬಟ್ಟಲು ತೊಳೆದು ಬಂತು, ಅದರಲ್ಲಿ ಎರಡು ಪೇಡಾ. ತಿಂದರೋ ಇಲ್ಲವೋ ನಾನು ಕೇಳಲಿಲ್ಲ.

ಉಳಿದದ್ದಕ್ಕೆ ನಾನೂ ಮಾರನೇ ದಿನ ನ್ಯಾಯ ಒದಗಿಸಿದೆ. ಆರಿದ ಮೇಲೆ, ಮರುದಿನ, ಇದರ ರುಚಿ ಹೆಚ್ಚು ಎಂದು ಫ್ರೆಂಚರೇ ಹೇಳುತ್ತಾರೆ. ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಇನ್ನೂ ಹೆಚ್ಚು ಎಂಬುದು ಮೈಸೂರಿನ ಕಡೆಯಿಂದ ತಿದ್ದುಪಡಿ. ಬಿಸಿ ಅನ್ನಕ್ಕೆ ಕಲಸಿಕೊಂಡರೆ ಗೊಜ್ಜೇ.

ಆ ವಾಸನೆಯ ವಿಷಯವನ್ನು ಮಾತ್ರ ನನ್ನಾಕೆಗೆ ಹೇಳಬೇಕೆಂದು ಎರಡು ದಿನದಿಂದ ಕಾದಿದ್ದೆ. ಆಕೆಗೆ ಹೂವಿನ ಮಾತು ತೆಗೆಯುವುದು ನಾಜೂಕಿನ ವಿಷಯ. ಈ ಊರಿನಲ್ಲಿ ಹೂ ಎಂದರೆ ಗೇಂದಾ, ಚೆಂಡುಹೂ; ದೇವರಿಗೆ, ಹೊಸ ಕಾರಿಗೆ, ಚುನಾವಣೆಗೆ ನಿಂತವನ ಕೊರಳಿಗೆ. ಕಿಲೋ ಲೆಕ್ಕ. ಮೊಳ ಎಂಬ ಅಳತೆಯೇ ಇಲ್ಲ. ಮೊದಲ ವರ್ಷ ಆಕೆ ದೆಹಲಿಯ ಮಲೈ ಮಂದಿರದ ಎದುರಿನಿಂದ ಮಲ್ಲಿಗೆ ತರುತ್ತಿದ್ದಳು. ಬರಲು ಎರಡು ಗಂಟೆ, ಬರುವಷ್ಟರಲ್ಲಿ ಅದು ಬಾಡಿರುತ್ತಿತ್ತು. 2019ರಲ್ಲಿ ಇಲ್ಲಿಗೂ ಮೆಟ್ರೋ ಬಂತು. ಸೆಕ್ಟರ್ 51ರಲ್ಲಿ ಇಳಿದು 52ಕ್ಕೆ ನಡೆದು ನೀಲಿ ಗೆರೆಯ ರೈಲು ಹಿಡಿಯಬೇಕು. ಆ ಹೊತ್ತಿಗೆ ಆಕೆ ಕೂದಲು ಕತ್ತರಿಸಿ ಗಿಡ್ಡ ಮಾಡಿಸಿಕೊಂಡಿದ್ದಳು. ‘ಒಣಗಿಸೋದು ಸುಲಭ’ ಅಂದಿದ್ದಳು. ನಾನು ಹೌದು ಅಂದಿದ್ದೆ.

ಭಾನುವಾರ ಫೋನ್ ಬಂತು. ಮಗು ಅಳುತ್ತಿತ್ತು, ಅಳಿಯ ಡೈಪರ್ ಹುಡುಕುತ್ತಿದ್ದ, ನನ್ನಾಕೆ ಮೆಂತ್ಯದ ಗಂಜಿ ಕಲಕುತ್ತಾ ಅರ್ಧ ಮುಖ ಮಾತ್ರ ತೋರಿಸಿ, “ದೊಡ್ಡಪತ್ರೆಗೆ ನೀರು ಹಾಕ್ತಿದೀರಾ?” ಎಂದಳು. ಹಾಕುತ್ತಿದ್ದೇನೆ ಎಂದೆ. “ಎರಡೆಲೆ ಕಡಿಮೆ ಆಗಿರೋ ಹಾಗಿದೆಯಂತೆ, ಇವಳು ವಿಡಿಯೋದಲ್ಲಿ ನೋಡಿದಳಂತೆ.” ನಾನು ವಿಷಯ ಬದಲಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತಲಿಂದ ಮಗಳು ಕಿರುಚಿದಳು.

“ಅಮ್ಮಾ! ಕಿಟಕಿ ಹತ್ರ ಇದ್ದ ಬೇಸಿಲ್ ಪಾಟ್ ಬೋಳಿಸಿದ್ದು ಯಾರು? ಅದು ಅಡಿಗೆಗೆ ಅಂತ ತಂದಿದ್ದು!”

ನನ್ನಾಕೆ ಉತ್ತರ ಕೊಡಲಿಲ್ಲ. ಗಂಜಿಯ ಪಾತ್ರೆ ಇಳಿಸಲು ಆ ಕಡೆ ತಿರುಗಿದಳು. ಗಿಡ್ಡ ಕೂದಲಿಗೆ ಎರಡು ಕಪ್ಪು ಪಿನ್ನು ಸಿಕ್ಕಿಸಿ, ಅದರ ನಡುವೆ ಒಂದು ಕುಡಿ ಕಾಮಕಸ್ತೂರಿ ಇಟ್ಟುಕೊಂಡಿದ್ದಳು.